ಅಪ್ಪ ಮನೆಗೆ ಬಂದ

ಅಪ್ಪ ಮನೆಗೆ ಬಂದಿದ್ದಾನೆ. ಇಪ್ಪತ್ಮೂರು ದಿನದ ಆಸ್ಪತ್ರೆವಾಸ ಮುಗಿಯಿತು. ನಿನ್ನೆ ವಾಕರ್ ಹಿಡಿದು ಅಡುಗೆಮನೆ ಬಾಗಿಲವರೆಗೆ ನಡೆದು, ಸಾರಿಗೆ ಉಪ್ಪು ಕಮ್ಮಿ ಅಂದ. ಅಲ್ಲಿಗೆ ನಮಗೆ ಧೈರ್ಯ ಬಂತು. ಫೋನು ಮಾಡಿದವರಿಗೆಲ್ಲ ಒಬ್ಬೊಬ್ಬರಿಗೆ ಉತ್ತರಿಸಲಾಗಲಿಲ್ಲ, ಅದಕ್ಕೇ ಈ ಬರಹ.

ಚೌತಿಯ ಹಿಂದಿನ ದಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ. ಆಪರೇಷನ್ ಚೆನ್ನಾಗೇ ಆಯಿತು. ಕಾಡಿದ್ದು ಆಮೇಲೆ ಬಂದ ನ್ಯುಮೋನಿಯಾ. ಐಸಿಯುನಿಂದ ವಾರ್ಡಿಗೆ ತಂದ ಮೇಲೂ, ರಾತ್ರಿಯಾದರೆ ಅಪ್ಪನಿಗೆ ಅದು ವಾರ್ಡಲ್ಲ, ಮುಂಬೈಯ ಲಾಯನ್ ಗೇಟಿನ ಒಳಗಿನ ನೇವಲ್ ಡಾಕ್‌ಯಾರ್ಡು. ಮೂವತ್ತೇಳು ವರ್ಷ ಅಲ್ಲಿ ಫಿಟ್ಟರ್ ಆಗಿದ್ದವನು. ಯಾರದೋ ಮಾನಿಟರ್ ಕೂಗಿದರೆ, "ಸೈರನ್ ಆಯ್ತನಾ?" ಎಂದು ಏಳಲು ನೋಡುತ್ತಿದ್ದ. ಆಕ್ಸಿಜನ್ ಮಾಸ್ಕ್ ಕಿತ್ತು ಪಕ್ಕದ ಹಾಸಿಗೆ ಕಡೆ ಚಾಚುತ್ತಿದ್ದ. "ಆ ಹುಡ್ಗಂಗೆ ಕೊಡು. ನಂಗೆ ಬೇಡ."

ಪಕ್ಕದವನು ಬೈಕಿನಿಂದ ಬಿದ್ದ ಹುಡುಗ, ಇಪ್ಪತ್ತೋ ಇಪ್ಪತ್ತೊಂದೋ. ನಾನು ಗದರಿದೆ, ಅತ್ತೂ ಬಿಟ್ಟೆ. ಹೀಗೇ ಆದರೆ ಕೈ ಕಟ್ಟಬೇಕಾದೀತು ಎಂದರು ವಾರ್ಡಿನವರು. ಮೂರನೇ ರಾತ್ರಿ ಹೊಳೆಯಿತು: ಅಪ್ಪ ಖುಕ್ರಿಯಲ್ಲಿದ್ದಾನೆ.

ನಮ್ಮ ಮನೆಯಲ್ಲಿ ಆ ಕಥೆ ಬಾಯಿಪಾಠ. 1971ರ ಡಿಸೆಂಬರ್ 9ರ ರಾತ್ರಿ, ದೀವ್ ಆಚೆಯ ಸಮುದ್ರ. ಜಲಾಂತರ್ಗಾಮಿಯನ್ನು ಹುಡುಕಿ ಹೊಡೆಯಲು ಹೊರಟಿದ್ದ ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ಖುಕ್ರಿಗೆ ಪಾಕಿಸ್ತಾನದ ಜಲಾಂತರ್ಗಾಮಿ 'ಹ್ಯಾಂಗೋರ್' ಬಿಟ್ಟ ಟಾರ್ಪೆಡೊ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಇಲ್ಲ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಲೈಫ್ ಜಾಕೆಟನ್ನು ಒಬ್ಬ ನಾವಿಕನಿಗೆ ಕೊಟ್ಟು, ತಾವು ಹಡಗಿನಲ್ಲೇ ಉಳಿದರು. ಅವರಿಗಾಗ 45 ವರ್ಷ. ಮಹಾವೀರ ಚಕ್ರ ಬಂದದ್ದು ಮರಣೋತ್ತರವಾಗಿ.

ಅಪ್ಪ ಮುಲ್ಲಾ ಅವರನ್ನು ಮಾತಾಡಿಸಿದವನಲ್ಲ. ಆದರೆ ಆ ಹಡಗಿನ ಕೆಲಸ ಮಾಡಿದ್ದ. "ನಾ ಬಿಗಿದ ನಟ್ಟು ಇನ್ನೂ ಅಲ್ಲೇ ಕೆಳಗದೆ" ಎನ್ನುತ್ತಾನೆ, ಅಷ್ಟೇ. ಅವನ ಹಳೆಯ ಡಾಕ್‌ಯಾರ್ಡ್ ಪಾಸಿನ ಕವರಿನಲ್ಲಿ ಮುಲ್ಲಾ ಅವರ ಮೂರು ರೂಪಾಯಿ ಸ್ಟಾಂಪಿದೆ. 2000ದಲ್ಲಿ ಅಂಚೆ ಇಲಾಖೆ ಐವರು ಶೂರರ ಸ್ಟಾಂಪು ತಂದಿತ್ತು. ಕರಮ್ ಸಿಂಗ್, ಅಬ್ದುಲ್ ಹಮೀದ್, ಆಲ್ಬರ್ಟ್ ಎಕ್ಕಾ, ನಿರ್ಮಲ್‌ಜಿತ್ ಸಿಂಗ್ ಸೆಖೋನ್, ನಾಲ್ವರೂ ಪರಮವೀರ ಚಕ್ರದವರು. ಐದನೆಯವರು ಮುಲ್ಲಾ. "ಒಂದು ಮೆಟ್ಲು ಕೆಳಗಿನ ಚಕ್ರ ಆದ್ರೂ ಅದೇ ಪಂಕ್ತಿಲಿ ಕೂಂತಿದ್ರು ನೋಡು" ಎಂದು ಅಪ್ಪನಿಗೆ ಹೆಮ್ಮೆ, ಹಡಗು ತನ್ನದೇ ಎನ್ನುವ ಹಾಗೆ.

ಇದನ್ನು ವಾರ್ಡ್‌ಬಾಯ್‌ಗೆ ಹೇಳಿದೆ. ಅಫಜಲಪುರದ ಕಡೆಯ ಹುಡುಗ. ಆ ರಾತ್ರಿ ಅಪ್ಪ ಮತ್ತೆ ಮಾಸ್ಕ್ ಕಿತ್ತಾಗ ಅವನು ಗದರಲಿಲ್ಲ. ಪಕ್ಕದ ಹುಡುಗನ ನಳಿಗೆಯನ್ನು ಮೆಲ್ಲಗೆ ಎತ್ತಿ ತೋರಿಸಿದ. "ಅಜ್ಜಾರ, ಆ ಹುಡುಗಗ ಬ್ಯಾರೆ ಅದರಿ. ಎಲ್ಲಾರ್ಗೂ ಸಿಕ್ಕದ. ಇದು ನಿಮ್ದು, ಹಾಕ್ಕೋರಿ." ಅಪ್ಪ ಆ ಕಡೆ ಒಮ್ಮೆ ನೋಡಿ, ಸುಮ್ಮನೆ ಮುಖ ಕೊಟ್ಟ. ಆಮೇಲೆ ದಿನಾ ರಾತ್ರಿ ಅದೇ ಮಾತು, ಅದೇ ಮದ್ದು. ಜ್ವರ ಇಳಿದ ಮೇಲೆ ಅವನೇ ಒಂದು ಬೆಳಿಗ್ಗೆ ಕೇಳಿದ, "ಆ ಚಕ್ರ ಬಂಗಾರದ್ದೇನ್ರಿ ಅಜ್ಜಾರ?" "ಬೆಳ್ಳಿ," ಅಂದ ಅಪ್ಪ. ಐದು ಮೂಲೆಯ ನಕ್ಷತ್ರವನ್ನು ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿ, ನಡುವೆ ಮಾತ್ರ ಚಿನ್ನದ ಲೇಪ ಹಾಕಿದ ಸಿಂಹದ ಲಾಂಛನ, ರಿಬ್ಬನ್ನು ಅರ್ಧ ಬಿಳಿ ಅರ್ಧ ಕೇಸರಿ ಎಂದ. ಬಾಯಿ ತೊದಲಲಿಲ್ಲ. ನಾನು ಹೊರಗೆ ಹೋಗಿ ಅತ್ತು ಬಂದೆ.

ಆ ವಾರ್ಡ್‌ಬಾಯ್ ಹುಡುಗನ ಋಣ ದೊಡ್ಡದು. ಉಳಿದವರದೂ ಸಣ್ಣದಲ್ಲ. ಒಂದೂವರೆ ದಿನದ ಗಣಪತಿ ಕಳಿಸಿ, ಅಂಗಿಯ ಗುಲಾಲು ಕೊಡವದೇ ರಕ್ತ ಕೊಡಲು ಬಂದ ನಮ್ಮ ಬಿಲ್ಡಿಂಗಿನ ಇಬ್ಬರು ಹುಡುಗರು. ದಿನಾ ಖಿಚಡಿ ಕಳಿಸಿದ ಮೇಲಿನ ಮನೆಯ ಕಾಕೂ, ನಿಮ್ಮ ಮೂರು ಡಬ್ಬಿ ಇನ್ನೂ ನಮ್ಮಲ್ಲೇ ಇವೆ. ಅಂಕೋಲೆಯಿಂದ ಕುಚಲಕ್ಕಿ ಹೊತ್ತು ಬಂದು ಹದಿನೈದು ದಿನ ಮನೆ ನೋಡಿಕೊಂಡ ಅತ್ತಿಗೆ. ಸರ್ಜನ್, ಸಿಸ್ಟರುಗಳು. ಸಿ ವಿಂಗಿನ ನಿವೃತ್ತ ಪೆಟಿ ಆಫೀಸರ್ ಮಾತ್ರ ಬಂದು ಏನೂ ಮಾಡದೆ ಗಂಟೆಗಟ್ಟಲೆ ಅಪ್ಪನ ಪಕ್ಕ ಕೂತರು. ಅದೂ ಬೇಕಿತ್ತು. ಬಿಲ್ಲಿನ ಮಾತು ಇಲ್ಲಿ ಬೇಡ.

ಡಿಸ್ಚಾರ್ಜಿನ ದಿನ ಸ್ಟಾಂಪನ್ನು ಆ ವಾರ್ಡ್‌ಬಾಯ್‌ಗೆ ಕೊಡೋಣ ಅಂದರೆ ಅಪ್ಪ ಕವರನ್ನು ದಿಂಬಿನಡಿ ತಳ್ಳಿದ. ಕೊನೆಗೆ ಫೋರ್ಟಿನಲ್ಲಿ ಹಳೇ ಸ್ಟಾಂಪು ಮಾರುವವನ ಹತ್ತಿರ ಅಂಥದ್ದೇ ಇನ್ನೊಂದು ಹುಡುಕಿ ತಂದೆ. ಮೂರು ರೂಪಾಯಿಯದಕ್ಕೆ ನಲವತ್ತು ಕೇಳಿದ, ಕೊಟ್ಟೆ. ಗುರುವಾರ ಡಾಕ್ಟರಿಗೆ ತೋರಿಸಲು ಹೋಗಬೇಕು, ಆ ಹುಡುಗನಿಗೆ ಅಂದು ಹಗಲು ಡ್ಯೂಟಿಯಂತೆ. ಅಪ್ಪ ಈಗಲೇ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸು ಅಂತಿದ್ದಾನೆ.