ಹೂವಿನ ಜೆಲ್ಲಿ: ಯಾವ ಹೂವು, ಯಾವ ಜೆಲಟಿನ್?

ಸಂಪಾದಕರಿಗೆ,

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಬೇಸಿಗೆಗೆಂದು ಪ್ರಕಟವಾದ ‘ಹೂವಿನ ಜೆಲ್ಲಿ’ ಮಾಡುವ ವಿಧಾನವನ್ನು ಓದಿದೆ. ತುಪ್ಪ, ಖೋವಾಗಳ ಭಾರವಿಲ್ಲದ ತಣ್ಣನೆಯ ಸಿಹಿಯೊಂದನ್ನು ಓದುಗರಿಗೆ ಪರಿಚಯಿಸಿದ್ದು ಸಂತೋಷವೇ. ಆದರೆ ಸಾಮಗ್ರಿಗಳ ಪಟ್ಟಿಯಲ್ಲಿ ‘ಬಣ್ಣಬಣ್ಣದ ಹೂವಿನ ಎಸಳು ಒಂದು ಬಟ್ಟಲು, ಒಣಗಿದ ದಾಸವಾಳ ಸ್ವಲ್ಪ, ಜೆಲಟಿನ್ ಎರಡು ಚಮಚ’ ಎಂದಷ್ಟೇ ಇದೆ. ಯಾವ ಹೂವು, ಎಲ್ಲಿ ಬೆಳೆದ ಹೂವು, ಜೆಲಟಿನ್ ಎಂಬುದು ಏನು ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ಸಾಲದ್ದಕ್ಕೆ, ಚಿತ್ರದಲ್ಲಿ ಬಟ್ಟಲಿನ ಮೇಲೆ ಅಲಂಕಾರಕ್ಕೆಂದು ಇಟ್ಟಿರುವ ನಸುಗೆಂಪು ಹೂವು ನನ್ನ ಕಣ್ಣಿಗೆ ಕಣಗಿಲೆಯಂತೆಯೇ ಕಾಣುತ್ತದೆ. ಮೂವತ್ತು ವರ್ಷ ಗೃಹವಿಜ್ಞಾನ ಕಲಿಸಿದವಳು ಇದನ್ನು ನೋಡಿಯೂ ಸುಮ್ಮನಿರುವುದು ಸರಿಯಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಣಗಿಲೆಯ ವಿಚಾರವನ್ನೇ ಮೊದಲು ಹೇಳುತ್ತೇನೆ. ದೇವರ ಪೂಜೆಗೆ ದಿನವೂ ಕೊಯ್ಯುವ ಹೂವಾದ್ದರಿಂದ ಅದರ ಮೇಲೆ ನಮಗೆ ಅನುಮಾನ ಹುಟ್ಟುವುದಿಲ್ಲ. ಆದರೆ ಆ ಗಿಡದ ಎಲೆ, ಹೂವು, ಕಾಂಡ, ಬೇರು ಎಲ್ಲದರಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಒಣಗಿಸಿದರೂ ಕುದಿಸಿದರೂ ಅದು ಹೋಗುವುದಿಲ್ಲ. 2024ರಲ್ಲಿ ಕೇರಳದ ಯುವತಿಯೊಬ್ಬರ ಸಾವಿಗೆ ಈ ಗಿಡ ಕಾರಣವಾಗಿರಬಹುದೆಂಬ ಶಂಕೆ ಬಂದ ಮೇಲೆ, ಆ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳ ನೈವೇದ್ಯ ಮತ್ತು ಪ್ರಸಾದಗಳಲ್ಲಿ ಅದನ್ನು ಬಳಸುವುದನ್ನು ನಿಲ್ಲಿಸಿತು. (ಮಲಯಾಳದಲ್ಲಿ ಅದಕ್ಕೆ ಅರಳಿ ಎನ್ನುತ್ತಾರೆ. ನಮ್ಮ ಕಟ್ಟೆಯ ಅರಳಿ ಮರಕ್ಕೂ ಅದಕ್ಕೂ ಸಂಬಂಧವಿಲ್ಲ.) ಹಳದಿ ಕಣಗಿಲೆ, ಉಮ್ಮತ್ತಿ, ಎಕ್ಕ, ಗೌರಿ ಹೂವು ಇವೂ ಪೂಜೆಗೆ ಸಲ್ಲುವ ಹೂಗಳೇ, ಬಾಯಿಗೆ ಸಲ್ಲುವವಲ್ಲ. ‘ಬಣ್ಣಬಣ್ಣದ ಹೂವು’ ಎಂದು ಓದಿದ ಮನೆಯವರು ಅಂಗಳಕ್ಕೆ ಹೋಗಿ ಕೈಗೆ ಸಿಕ್ಕಿದ್ದನ್ನು ಕೊಯ್ದು ತಂದರೆ ತಪ್ಪು ಅವರದೆಂದು ಹೇಗೆ ಹೇಳೋಣ?

ತಿನ್ನಬಹುದಾದ ಹೂವುಗಳಲ್ಲಿಯೂ ಎಲ್ಲಿಂದ ತಂದದ್ದು ಎಂಬ ಪ್ರಶ್ನೆ ಇದ್ದೇ ಇದೆ. ಮಾರುಕಟ್ಟೆಯ ಗುಲಾಬಿಯನ್ನು ಹಾರಕ್ಕೂ ಹೂಗುಚ್ಛಕ್ಕೂ ಬೆಳೆದಿರುತ್ತಾರೆ. ಔಷಧಿ ಹೊಡೆದು ಎಷ್ಟು ದಿನವಾದ ಮೇಲೆ ಕೊಯ್ಯಬೇಕೆಂದು ತರಕಾರಿಗೆ ನೋಡುವ ಲೆಕ್ಕವನ್ನು ಅಲ್ಲಿ ಯಾರೂ ನೋಡುವುದಿಲ್ಲ. ಆದ್ದರಿಂದ ಔಷಧಿ ಸೋಕದ ಮನೆಯ ಗಿಡದ ಹೂವು, ಅದರಲ್ಲಿಯೂ ಪರಿಮಳವಿರುವ ಪನ್ನೀರು ಗುಲಾಬಿಯೇ ಇದಕ್ಕೆ ಆಗಬೇಕು. ಉದ್ದ ಕಡ್ಡಿಯ ಅಂಗಡಿ ಗುಲಾಬಿಯಲ್ಲಿ ನೋಟವಿದೆಯೇ ಹೊರತು ಜೆಲ್ಲಿಗೆ ಬೇಕಾದ ಗಂಧವಿಲ್ಲ. ಎಸಳಿನ ಬುಡದ ಬಿಳಿ ಭಾಗ ಕಹಿ, ಅದನ್ನು ಕತ್ತರಿಸಿ ತೆಗೆಯಬೇಕೆಂಬುದನ್ನೂ ಪುರವಣಿ ಹೇಳಿಲ್ಲ.

‘ಒಣಗಿದ ದಾಸವಾಳ’ ಎಂಬುದು ಇಂಗ್ಲಿಷ್ ಪಾಕವಿಧಾನವನ್ನು ಕನ್ನಡಕ್ಕೆ ತರುವಾಗ ಆದ ಎಡವಟ್ಟು ಎಂದು ನನ್ನ ಊಹೆ. ಹೊರದೇಶಗಳ ಅಡುಗೆಯಲ್ಲಿ ಹೈಬಿಸ್ಕಸ್ ಎಂದು ಒಣಗಿಸಿ ಮಾರುವುದು ನಮ್ಮ ಅಂಗಳದ ದಾಸವಾಳವನ್ನಲ್ಲ. ಅದು ಕೆಂಪು ಪುಂಡಿಯ ಹೂವು ಉದುರಿದ ಮೇಲೆ ಕಾಯಿಯ ಸುತ್ತ ದಪ್ಪವಾಗಿ ಉಳಿಯುವ ಹುಳಿ ತೊಟ್ಟಿನ ಭಾಗ. ಉತ್ತರ ಕರ್ನಾಟಕದ ಪುಂಡಿ ಪಲ್ಯ ಬಲ್ಲವರಿಗೆ ಆ ಹುಳಿಯನ್ನು ವಿವರಿಸಬೇಕಾಗಿಲ್ಲ. ಅಂಗಳದ ದಾಸವಾಳವೂ ತಿನ್ನಲು ಬರುವ ಹೂವೇ. ಮಲೆನಾಡಿನಲ್ಲಿ ಅದರ ತಂಬುಳಿಯನ್ನೇ ಮಾಡುತ್ತೇವೆ. ಆದರೆ ಅದರಲ್ಲಿ ಹುಳಿ ಕಡಿಮೆ, ಲೋಳೆ ಹೆಚ್ಚು. ಕುದಿಸಿದರೆ ನೀರು ಎಳೆ ಎಳೆಯಾಗಿ, ಕನ್ನಡಿಯಂತೆ ತಿಳಿಯಾಗಿರಬೇಕಾದ ಜೆಲ್ಲಿ ಮಂಕಾಗುತ್ತದೆ. ಎರಡರ ಹೆಸರು ಒಂದಾದ ಮಾತ್ರಕ್ಕೆ ಕೆಲಸ ಒಂದಾಗುವುದಿಲ್ಲ.

ಇನ್ನು ಜೆಲಟಿನ್. ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಯಲ್ಲಿರುವ ಪ್ರೋಟೀನಾದ ಕೊಲಾಜೆನ್‌ನಿಂದ ತೆಗೆದ ಪದಾರ್ಥ. ಹಂದಿ, ದನ, ಮೀನು ಯಾವುದರಿಂದಲೂ ಬಂದಿರಬಹುದು. ಹಾಲು, ಹಾಲಿನ ಉತ್ಪನ್ನ, ಜೇನುತುಪ್ಪದಂಥ ಕೆಲವನ್ನು ಬಿಟ್ಟು ಪ್ರಾಣಿಮೂಲದ ಆಹಾರವನ್ನು ನಮ್ಮ ದೇಶದ ನಿಯಮಗಳು ಮಾಂಸಾಹಾರವೆಂದೇ ಪರಿಗಣಿಸುತ್ತವೆ. ತಿನ್ನುವವರು ತಿನ್ನಲಿ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಹೂವು, ಸಕ್ಕರೆ, ನಿಂಬೆ ಎಂದು ಓದಿ ಸಸ್ಯಾಹಾರವೆಂದೇ ನಂಬಿ ವ್ರತದ ದಿನ ಬಡಿಸುವವರಿಗೂ, ಹಂದಿಯ ಮೂಲದ್ದನ್ನು ಮುಟ್ಟದ ಮುಸ್ಲಿಂ ಓದುಗರಿಗೂ ಇದನ್ನು ಮೊದಲೇ ತಿಳಿಸುವುದು ಪತ್ರಿಕೆಯ ಕರ್ತವ್ಯ. ಪರ್ಯಾಯವೇನೂ ಅಪರೂಪದ್ದಲ್ಲ. ಚೈನಾ ಗ್ರಾಸ್ ಎಂದು ದಿನಸಿ ಅಂಗಡಿಯಲ್ಲಿ ಸಿಗುವ ಅಗರ್ ಅಗರ್, ಕೆಂಪು ಕಡಲಪಾಚಿಯಿಂದ ತಯಾರಾಗುತ್ತದೆ. ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಹೆಂಗಸರು ಮುಳುಗಿ ಆ ಪಾಚಿಯನ್ನು ತರುತ್ತಾರೆ. ರಂಜಾನ್ ತಿಂಗಳಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಹಾಲಿನೊಡನೆ ಅದನ್ನು ಕಾಯಿಸಿ ಪುಡಿಂಗ್ ಮಾಡುವುದುಂಟು.

ಈ ಎರಡರ ಗುಣ ಬೇರೆ ಬೇರೆ. ಜೆಲಟಿನ್ ನಮ್ಮ ಮೈಬಿಸಿಗಿಂತ ತುಸು ಕಡಿಮೆ ಬಿಸಿಯಲ್ಲೇ, ಅಂದರೆ 35 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲಿ ಕರಗುತ್ತದೆ. ನಾಲಿಗೆಯ ಮೇಲೆ ಇಟ್ಟೊಡನೆ ನೀರಾಗುವ ಅದರ ಸೊಗಸಿಗೆ ಕಾರಣವೂ ಅದೇ, ಕಲಬುರಗಿಯ ಮೇ ತಿಂಗಳಲ್ಲಿ ಫ್ರಿಜ್‌ನಿಂದ ಹೊರತೆಗೆದ ಸ್ವಲ್ಪ ಹೊತ್ತಿಗೆ ಬಟ್ಟಲಿನಲ್ಲಿ ಪಾನಕವಾಗುವುದಕ್ಕೆ ಕಾರಣವೂ ಅದೇ. ಅಗರ್ ಹಾಗಲ್ಲ. ಅದನ್ನು ಕುದಿಸಿಯೇ ಕರಗಿಸಬೇಕು. 40 ಡಿಗ್ರಿಗಿಂತ ಕೆಳಗೆ ಫ್ರಿಜ್ ಇಲ್ಲದೆಯೂ ಹೆಪ್ಪುಗಟ್ಟುತ್ತದೆ. ಒಮ್ಮೆ ಗಟ್ಟಿಯಾದದ್ದು ಸುಮಾರು 85 ಡಿಗ್ರಿಯವರೆಗೂ ಕರಗುವುದಿಲ್ಲ. 1880ರ ದಶಕದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಜೆಲಟಿನ್ ಬಿಸಿಗೆ ಕರಗಿ ತೊಂದರೆಯಾದಾಗ, ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ತಮ್ಮ ಅಡುಗೆಮನೆಯ ಜೆಲ್ಲಿಗೆ ಬಳಸುತ್ತಿದ್ದ ಅಗರ್ ಅನ್ನು ಸೂಚಿಸಿದರು. ಆಕೆಗೆ ಅದನ್ನು ಹೇಳಿಕೊಟ್ಟವರು ಜಾವಾದಲ್ಲಿದ್ದು ಬಂದ ನೆರೆಯವರಂತೆ. ಬಿಸಿಲಿನ ನಾಡಿನ ಅಡುಗೆಯವರಿಗೆ ಮೊದಲಿಂದಲೂ ಗೊತ್ತಿದ್ದ ಗುಟ್ಟನ್ನು ನಮ್ಮ ಬಿಸಿಲಿನ ನಾಡಿನ ಪುರವಣಿ ಮರೆತಿರುವುದು ವಿಚಿತ್ರ.

ಅಳತೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ‘ಎರಡು ಚಮಚ’ ಎಂದರೆ ಯಾವ ಚಮಚ, ಎಷ್ಟು ನೀರಿಗೆ ಎಂಬುದು ತಿಳಿಯುವಂತಿಲ್ಲ. ಅರ್ಧ ಲೀಟರ್ ನೀರಿಗೆ 7 ಗ್ರಾಂ ಜೆಲಟಿನ್ ಅಥವಾ 5 ಗ್ರಾಂ ಚೈನಾ ಗ್ರಾಸ್ ಸಾಕು. ಸಕ್ಕರೆ 80 ಗ್ರಾಂ. ಆ ಅರ್ಧ ಲೀಟರಿನಲ್ಲಿ 400 ಮಿಲಿಲೀಟರ್ ನೀರನ್ನು ಕುದಿಸಿ ಒಲೆಯಿಂದಿಳಿಸಿ, ಎರಡು ಹಿಡಿ ಗುಲಾಬಿ ಎಸಳು ಹಾಕಿ, ಮುಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಸೋಸಬೇಕು. ಎಸಳನ್ನೇ ಕುದಿಸಿದರೆ ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ಚೈನಾ ಗ್ರಾಸ್ ಅನ್ನು ಉಳಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಂದೆಳೆಯೂ ಉಳಿಯದಂತೆ ಸಣ್ಣ ಉರಿಯಲ್ಲಿ ಕುದಿಸಿ, ಸಕ್ಕರೆ ಕರಗಿಸಿ, ಹೂವಿನ ನೀರು ಇನ್ನೂ ಬಿಸಿಯಾಗಿರುವಾಗಲೇ ಬೆರೆಸಬೇಕು. ತಣ್ಣಗಾದ ನೀರಿಗೆ ಸುರಿದರೆ ಅಲ್ಲಲ್ಲೇ ಗಂಟುಕಟ್ಟುತ್ತದೆ. ನಿಂಬೆರಸ ಕೊನೆಗೆ, ಒಲೆಯಿಂದಿಳಿಸಿದ ಮೇಲೆ; ಹುಳಿಯೊಡನೆ ಕುದಿಸಿದ ಅಗರ್ ಹೆಪ್ಪುಗಟ್ಟುವ ಬಲ ಕಳೆದುಕೊಳ್ಳುತ್ತದೆ. ಗುಲಾಬಿಯ ಬದಲು ಶಂಖಪುಷ್ಪ ಹಾಕಿದರೆ ಪರಿಮಳವೇನೂ ಬಾರದು, ನೀಲಿ ಬಣ್ಣ ಮಾತ್ರ ಬರುತ್ತದೆ, ಅದೂ ನಿಂಬೆಯ ನಾಲ್ಕು ಹನಿಗೆ ನೇರಳೆಯಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅಷ್ಟು ಸಾಕು.

ಜೆಲಟಿನ್‌ನ ಪರವಾಗಿಯೂ ಒಂದು ಮಾತು ಹೇಳಬೇಕು. ಮಲ್ಲಿಗೆಯ ಗಂಧ ಬಿಸಿ ತಾಳುವುದಿಲ್ಲ. ಸಂಜೆ ಕೊಯ್ದ ಮೊಗ್ಗನ್ನು ಕುದಿಸಿ ಆರಿಸಿದ ನೀರಿನ ಮೇಲೆ ತೇಲಬಿಟ್ಟು ಮುಚ್ಚಿಟ್ಟರೆ ರಾತ್ರಿ ಅರಳುತ್ತಾ ಅದು ತನ್ನ ಪರಿಮಳವನ್ನು ನೀರಿಗೆ ಬಿಡುತ್ತದೆ; ಬೆಳಿಗ್ಗೆ ಹೂವನ್ನು ತೆಗೆದುಬಿಡಬೇಕು. ಥಾಯ್ಲೆಂಡಿನ ಸಿಹಿತಿಂಡಿಗಳಲ್ಲಿ ಇಂಥ ನೀರು ಬಳಕೆಯಲ್ಲಿದೆ. ಇದಕ್ಕೆ ಕುದಿಯುವ ಅಗರ್ ಬೆರೆಸಿದರೆ ರಾತ್ರಿಯ ಶ್ರಮ ಆವಿಯಾಗಿ ಹೋಗುತ್ತದೆ. ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿದ ಜೆಲಟಿನ್ ಅನ್ನು ಉಗುರುಬೆಚ್ಚಗೆ ಬೆರೆಸಿದರೆ ಪರಿಮಳ ಉಳಿಯುತ್ತದೆ. ಅಭ್ಯಂತರವಿಲ್ಲದವರು ಹಾಗೆ ಮಾಡಬಹುದು. ಆದರೆ ಅದಕ್ಕೆ ಹಸಿ ಅನಾನಸ್, ಪಪ್ಪಾಯಿ ಹೋಳು ಹಾಕಬಾರದು. ನಮ್ಮ ಪ್ರಾಯೋಗಿಕ ತರಗತಿಯಲ್ಲಿ ಒಂದು ವರ್ಷ ಹುಡುಗಿಯರು ಅಂದಕ್ಕೆಂದು ಅನಾನಸ್ ಹಾಕಿ, ಮರುದಿನ ಬಂದು ನೋಡಿದರೆ ನೀರು ನೀರಾಗಿಯೇ ಇತ್ತು. ಆ ಹಣ್ಣುಗಳ ಕಿಣ್ವ ಜೆಲಟಿನ್‌ನ ಪ್ರೋಟೀನನ್ನೇ ಕತ್ತರಿಸಿ ಹಾಕುತ್ತದೆ. ಬೇಯಿಸಿದ ಹಣ್ಣಿಗೆ ಆ ದೋಷವಿಲ್ಲ.

ಮುಂದಿನ ಭಾನುವಾರದ ಪುರವಣಿಯಲ್ಲಿ, ಪಾಕವಿಧಾನವಿದ್ದ ಪುಟದಲ್ಲಿಯೇ, ಹೂವುಗಳ ಹೆಸರನ್ನೂ ಜೆಲಟಿನ್‌ನ ಮೂಲವನ್ನೂ ತಿಳಿಸಿ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಚಿತ್ರದಲ್ಲಿರುವುದು ಕಣಗಿಲೆಯಲ್ಲದಿದ್ದರೆ ಅದು ಯಾವ ಹೂವೆಂದು ಹೇಳಿದರೂ ಸಾಕು. ಪುಟವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡವರು ನಮ್ಮ ಬೀದಿಯಲ್ಲಿಯೇ ಇಬ್ಬರಿದ್ದಾರೆ. ಅವರಿಗೆ ನಾನೇ ಹೇಳಿಬಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗೃಹವಿಜ್ಞಾನ ಅಧ್ಯಾಪಕಿ,
ಶಿವಮೊಗ್ಗ