ದಿಶಾಂಕ್ ಗೆರೆ ನೋಡಿ ಬೇಲಿ ಹಾಕಬೇಡಿ

ಮಾನ್ಯರೆ,

ಹೊಳಲ್ಕೆರೆ, ಚನ್ನಗಿರಿ ಕಡೆ ಅಡಿಕೆ ತೋಟದ ಮಾತಿರಲಿ, ದಾವಣಗೆರೆ ಸುತ್ತಮುತ್ತ ನಿವೇಶನದ ಮಾತಿರಲಿ, ಈಗ ಜಮೀನು ನೋಡಲು ಹೋದವರು ಮೊದಲು ಮೊಬೈಲ್‌ನಲ್ಲಿ ಸರ್ಕಾರದ ಸರ್ವೆ ನಕ್ಷೆಯ ಆ್ಯಪ್ ದಿಶಾಂಕ್ ತೆರೆಯುತ್ತಾರೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಅದರಲ್ಲಿ ಕಾಣುವ ಗೆರೆಯನ್ನೇ ಹದ್ದು (ಗಡಿ) ಎಂದು ತಿಳಿದು ಕಲ್ಲುಕಂಬ ನೆಡುವುದು, ಬದುವಿನ ಪಕ್ಕದಲ್ಲಿ ಬೋರ್ ಕೊರೆಸುವುದು, ಒತ್ತುವರಿಯಾಗಿದೆ ಎಂದು ಪಕ್ಕದ ಹೊಲದವರ ಮೇಲೆ ಜಗಳಕ್ಕೆ ಹೋಗುವುದು ಹೆಚ್ಚುತ್ತಿದೆ. ಈ ಬಗ್ಗೆ ರೈತರಿಗೆ ನಾಲ್ಕು ಮಾತು ಹೇಳಬೇಕಿದೆ.

ಮೊದಲು ಬಳಸುವ ಕ್ರಮ. ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಡುವಾಗ 'ನಿಖರ' ಎಂಬುದನ್ನೇ ಆರಿಸಿ. 'ಅಂದಾಜು' ಆರಿಸಿದರೆ ಚುಕ್ಕೆ ಪಕ್ಕದ ಊರಿಗೇ ಹೋಗಿ ಕೂರಬಹುದು. ಬಯಲಿನಲ್ಲಿ ನಿಂತು ಚುಕ್ಕೆ ಅಲುಗಾಡುವುದು ನಿಲ್ಲುವವರೆಗೆ ಒಂದೆರಡು ನಿಮಿಷ ಕಾಯಿರಿ. ಬದುವಿನ ಮೇಲೆ ನಿಲ್ಲದೆ ಹದಿನೈದಿಪ್ಪತ್ತು ಮೀಟರ್ ಹೊಲದ ಒಳಗೆ ಬನ್ನಿ, ಮೂರು ಕಡೆ ನಿಂತು ನೋಡಿ. ಮೂರೂ ಕಡೆ ಒಂದೇ ನಂಬರ್ ಬಂದರೆ ನಂಬಬಹುದು. ಆಮೇಲೆ ಸರ್‌ನಾಕ್ (ಸರ್ವೆ ನಂಬರಿನ ಜೊತೆ ಬರುವ ಉಪಗುರುತು, ಹೆಚ್ಚಾಗಿ ನಕ್ಷತ್ರ ಚಿಹ್ನೆ), ಹಿಸ್ಸಾ (ಪಾಲಿನ ನಂಬರ್) ಆರಿಸಿ ಮಾಲೀಕರ ಹೆಸರು ನೋಡಿ, ಅದನ್ನು ಭೂಮಿ ತಂತ್ರಾಂಶದ ಪಹಣಿಯೊಂದಿಗೆ ತಾಳೆ ಹಾಕಿ. ಊರಿನ ಹೆಸರಿನಿಂದ ಹುಡುಕುವವರು ಕಂದಾಯ ಗ್ರಾಮದ ಹೆಸರು ಗೊತ್ತು ಮಾಡಿಕೊಂಡಿರಬೇಕು. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳಿವೆ. ವಾಸ ಒಂದು ಊರಲ್ಲಿ, ಪಹಣಿ ಇನ್ನೊಂದು ಊರಿನ ಹೆಸರಲ್ಲಿ ಇರುವುದು ಸಾಮಾನ್ಯ.

ಗೆರೆ ಏಕೆ ತಪ್ಪುತ್ತದೆ? ಹಳೆಯ ಗ್ರಾಮ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಲಾಗಿದೆ. ಆ ನಕ್ಷೆಗಳ ಅಳತೆ 1:7920, ಅಂದರೆ ಒಂದು ಇಂಚಿಗೆ 660 ಅಡಿ. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ಸುಮಾರು 4 ಮೀಟರ್ ಆಗುತ್ತದೆ. ಕಾಗದ ಹಿಗ್ಗಿ ಕುಗ್ಗಿದ್ದು ಬೇರೆ, ಕೂರಿಸುವಾಗ ಜರುಗಿದ್ದು ಬೇರೆ. ಇದರ ಮೇಲೆ ಮೊಬೈಲ್ ಜಿಪಿಎಸ್ ಬಯಲಿನಲ್ಲೂ ಐದು ಮೀಟರ್ ಆಚೀಚೆ ತೋರಿಸುತ್ತದೆ. ದಟ್ಟ ಅಡಿಕೆ ತೋಟದೊಳಗೆ, ಬೆಟ್ಟದ ಬುಡದಲ್ಲಿ ಇನ್ನೂ ಹೆಚ್ಚು.

ಲೆಕ್ಕ ಹಾಕಿ ನೋಡಿ. ಹೊಲದ ಒಂದು ಬದಿ 200 ಮೀಟರ್ ಉದ್ದ ಇದ್ದು ಗೆರೆ 5 ಮೀಟರ್ ಜರುಗಿದರೆ 1000 ಚದರ ಮೀಟರ್. ಒಂದು ಗುಂಟೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಅಲ್ಲಿಗೆ ಹತ್ತು ಗುಂಟೆ, ಕಾಲು ಎಕರೆ, ಯಾರೂ ಒತ್ತದೆ ಪರದೆಯ ಮೇಲೆ 'ಒತ್ತುವರಿ'ಯಾಗಿಬಿಡುತ್ತದೆ!

ನಿಮ್ಮ ಊರಿನ ನಕ್ಷೆ ಎಷ್ಟು ಜರುಗಿದೆ ಎಂದು ತಿಳಿಯಲು ಒಂದು ಉಪಾಯವಿದೆ. ಕೆರೆ ಏರಿ, ಹಳೆಯ ಬಂಡಿದಾರಿ, ಮೂರೂರು ಕೂಡುವ ಗಡಿಕಲ್ಲು ಇಂಥವು ಬೇಗ ಬದಲಾಗುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಏರಿ ಇರುವಲ್ಲೇ ನಕ್ಷೆಯ ಗೆರೆ ಹಾದಿದೆಯೇ ನೋಡಿ. ಅಲ್ಲಿ ಎಂಟು ಮೀಟರ್ ಪಶ್ಚಿಮಕ್ಕೆ ಸರಿದಿದ್ದರೆ ಹತ್ತಿರದ ಹೊಲಗಳ ಗೆರೆಯೂ ಹೆಚ್ಚುಕಡಿಮೆ ಹಾಗೇ ಸರಿದಿರುತ್ತದೆ. ಎರಡು ಗ್ರಾಮಗಳ ಗಡಿಯಲ್ಲಂತೂ ಒಂದರ ಮೇಲೊಂದು ಗೆರೆ ಬಿದ್ದಿರುವುದು, ನಡುವೆ ಸಂದು ಉಳಿದಿರುವುದು ಎರಡೂ ಉಂಟು.

ಹಿಸ್ಸಾ ವಿಚಾರ ಇನ್ನೂ ಮುಖ್ಯ. ಬಹುಪಾಲು ಕಡೆ ನಕ್ಷೆಯಲ್ಲಿ ಕಾಣುವುದು ಇಡೀ ಸರ್ವೆ ನಂಬರಿನ ಹೊರಗೆರೆ ಮಾತ್ರ. ಅದರೊಳಗೆ ಅಣ್ಣತಮ್ಮಂದಿರ ಪಾಲು ಯಾವುದು ಎಲ್ಲಿ ಎಂಬುದಕ್ಕೆ ಹಿಸ್ಸಾ ಟಿಪ್ಪಣಿಯೇ (ಸರ್ವೆಯವರು ಅಳತೆ ಬರೆದಿಟ್ಟ ದಾಖಲೆ) ಆಧಾರ. ಪೋಡಿಯಾಗದ, ಅಂದರೆ ಅಳೆದು ಪಾಲು ಬೇರೆ ಮಾಡದ, ಬಹುಮಾಲೀಕತ್ವದ ಪಹಣಿಯಾದರೆ ಯಾವ ಆ್ಯಪ್‌ನಲ್ಲೂ ಉತ್ತರ ಸಿಗದು. ಭಾಗ ಕೊಳ್ಳುವವರು ದಲ್ಲಾಳಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಮುಂಗಡ ಕೊಡದೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ನಕ್ಷೆ) ಕೇಳಬೇಕು. ಆಕಾರ್‌ಬಂದ್‌ನ (ಸರ್ವೆ ನಂಬರುಗಳ ವಿಸ್ತೀರ್ಣದ ಮೂಲ ದಾಖಲೆ) ವಿಸ್ತೀರ್ಣ, ಖರಾಬು (ಸಾಗುವಳಿ ಲೆಕ್ಕಕ್ಕೆ ಬಾರದ ಜಾಗ) ಎಷ್ಟು ಎಂಬುದನ್ನು ಪಹಣಿಯೊಂದಿಗೆ ನೋಡಬೇಕು. ಬಿ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗ. ಅದನ್ನೂ ಸೇರಿಸಿ ಬೆಲೆ ಕಟ್ಟುವವರಿದ್ದಾರೆ.

ಹದ್ದು ಬೇಕಾದವರು ಹದ್ದುಬಸ್ತಿಗೆ, ಅಂದರೆ ಭೂಮಾಪಕರಿಂದ ಗಡಿ ಗುರುತಿಸಿಕೊಳ್ಳಲು, ಅರ್ಜಿ ಹಾಕಬೇಕು. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ಟಿಪ್ಪಣಿ ಹಿಡಿದು, ಉಳಿದಿರುವ ಬಾಂದು ಕಲ್ಲುಗಳಿಂದ (ಸರ್ವೆಯ ಗಡಿಕಲ್ಲುಗಳಿಂದ) ಅಳೆದು ತೋರಿಸಿದ್ದೇ ಹದ್ದು. ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ರೋವರ್ ಯಂತ್ರ ಬಂದರೂ ಮೂಲ ಕಲ್ಲು, ಮೂಲ ಟಿಪ್ಪಣಿ ಬೇಕೇ ಬೇಕು. ಉಳುಮೆ ಮಾಡುವಾಗ ಬಾಂದು ಕಲ್ಲು ಕಿತ್ತು ಬದುವಿಗೆ ಎಸೆಯುವುದನ್ನು ದಯವಿಟ್ಟು ನಿಲ್ಲಿಸಿ.

ಭೂಮಾಪನ ಇಲಾಖೆಯಲ್ಲೂ, ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದಲ್ಲೂ ಒಂದು ವಿನಂತಿ: ಚುಕ್ಕೆಯ ಪಕ್ಕದಲ್ಲೇ 'ಇಷ್ಟು ಮೀಟರ್ ಆಚೀಚೆ' ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ತೋರಿಸಿ. ಪೋಡಿ ಮುಗಿದ ನಂಬರುಗಳ ಹಿಸ್ಸಾ ಗೆರೆಗಳನ್ನು ಗ್ರಾಮವಾರು ಸೇರಿಸುತ್ತಾ ಹೋಗಿ, ಯಾವ ಗ್ರಾಮದ್ದು ಆಗಿದೆ ಎಂಬ ಪಟ್ಟಿಯನ್ನು ನಾಡಕಚೇರಿಯ ಫಲಕದಲ್ಲಿ ಹಾಕಿಸಿ.

– ಒಬ್ಬ ಪರವಾನಗಿ ಭೂಮಾಪಕ, ಚಿತ್ರದುರ್ಗ