ನಾಲ್ಕು ದಿನ ಸಾಲಲಿಲ್ಲ ಮಾರಾಯ

ಉಡುಪಿ
ಆಟಿ ತಿಂಗಳ ಒಂದು ರಾತ್ರಿ

ಪ್ರೀತಿಯ ಗೆಳೆಯಾ,

ಮೊನ್ನೆ ನಿನ್ನ ಫೋನು ಬಂದಾಗ ನಾನು ಕಲ್ಸಂಕದ ಹತ್ತಿರ ಮಳೆಗೆ ಸಿಕ್ಕಿಬಿದ್ದು ಒಂದು ಅಂಗಡಿಯ ಜಗಲಿಯಲ್ಲಿ ನಿಂತಿದ್ದೆ. ತಗಡಿನ ಮಾಡಿನ ಸದ್ದಿಗೆ ನಿನ್ನ ಮಾತು ಅರ್ಧಕ್ಕರ್ಧ ಕೇಳಲೇ ಇಲ್ಲ. ಆದರೆ ‘ಬರುವ ಏಪ್ರಿಲ್‌ಗೆ ಫ್ಲಾರಿಡಾ’, ‘ಡಿಸ್ನಿ’, ‘ಟ್ರಾವೆಲ್ಸಿನವರು ಮೂರು ದಿನ ಧಾರಾಳ ಸಾಕು ಅಂತಾರೆ’ ಇಷ್ಟು ಸರಿಯಾಗಿ ಕೇಳಿತು. ಸಾಕಾಗುವುದಿಲ್ಲ. ನಮಗೆ ನಾಲ್ಕು ದಿನವೇ ಸಾಲಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು, ಹಾಗಾಗಿ ಬರೆಯುತ್ತಿದ್ದೇನೆ. ದೂರದಿಂದ ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟ ಬೇರೆಯವರಿಗೂ ಉಪಯೋಗವಾದೀತು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ, ಬೇಸರ ಮಾಡಬೇಡ.

ನಾವು ನಾಲ್ಕು ದಿನಕ್ಕೆ ಟಿಕೆಟ್ ತೆಗೆದ ಲೆಕ್ಕ ಹೀಗಿತ್ತು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಇರುವುದು ನಾಲ್ಕು ದೊಡ್ಡ ಪಾರ್ಕ್. ಮ್ಯಾಜಿಕ್ ಕಿಂಗ್‌ಡಮ್ 1971ರದ್ದು, ಎಪ್ಕಾಟ್ 1982ರದ್ದು, ಹಾಲಿವುಡ್ ಸ್ಟುಡಿಯೋಸ್ 1989ರದ್ದು, ಅನಿಮಲ್ ಕಿಂಗ್‌ಡಮ್ 1998ರದ್ದು. ದಿನಕ್ಕೊಂದು ಅಂದರೆ ನಾಲ್ಕು ದಿನ, ಮುಗಿಯಿತು. ನಮಗೆ ಗೊತ್ತಿರುವ ಪಾರ್ಕ್ ಅಂದರೆ ಬಿಡದಿಯ ವಂಡರ್‌ಲಾ. ಬೆಳಿಗ್ಗೆ ಒಳಗೆ ಹೋಗಿ ಸಂಜೆ ಒದ್ದೆ ಬಟ್ಟೆಯ ಚೀಲ ಹಿಡಿದುಕೊಂಡು ಹೊರಗೆ ಬರುವುದು. ಆ ಅಳತೆಗೋಲನ್ನೇ ಅಲ್ಲಿಗೂ ತೆಗೆದುಕೊಂಡು ಹೋದೆವು. ಅಲ್ಲಿ ಇಡೀ ಜಾಗ ಸುಮಾರು 25 ಸಾವಿರ ಎಕರೆ. ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಹೋಗಲಿಕ್ಕೆ ಬಸ್ಸೋ ಬೇರೆ ವಾಹನವೋ ಹಿಡಿಯಬೇಕು. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದರೂ ಕಾರು ಬಿಟ್ಟು ಮೋನೊರೈಲ್ ಹತ್ತಬೇಕು, ಇಲ್ಲವೇ ಕೆರೆ ದಾಟುವ ದೊಡ್ಡ ದೋಣಿ ಹಿಡಿಯಬೇಕು. ದೋಣಿ ಹತ್ತಿದ ಕೂಡಲೇ ಅಮ್ಮ, “ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದ ಹಾಗೇ ಆಯಿತಲ್ಲ” ಅಂದರು. ದೂರದಲ್ಲಿ 189 ಅಡಿಯ ಸಿಂಡರೆಲಾಳ ಕೋಟೆ ಸಣ್ಣದಾಗಿ ಕಾಣಲಿಕ್ಕೆ ಶುರುವಾಯಿತು. ಮಗಳು ಕಂಬಿ ಹಿಡಿದುಕೊಂಡು ಒಂದು ಮಾತೂ ಆಡದೆ ನಿಂತಿದ್ದಳು. ಅವಳು ಅಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿಲ್ಲ.

ಆ ಮೊದಲ ದಿನವೇ ನಾನು ತಪ್ಪಿದ್ದು. ನಮ್ಮ ಗಡಿಯಾರಕ್ಕೂ ಅವರದ್ದಕ್ಕೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ. ಮಧ್ಯಾಹ್ನ ಎರಡಕ್ಕೆಲ್ಲ ಅಮ್ಮನ ಕಣ್ಣು ಎಳೆಯುತ್ತಿತ್ತು, ಮಗಳಿಗೆ ಕಾಲು ಬರುತ್ತಿರಲಿಲ್ಲ. ನಾನು ಮಾತ್ರ ಫೋನಿನಲ್ಲಿ ಯಾವ ರೈಡಿಗೆ ಎಷ್ಟು ನಿಮಿಷದ ಕ್ಯೂ ಅಂತ ನೋಡುತ್ತಾ ಮುಂದೆ ಮುಂದೆ ನಡೆಯುತ್ತಿದ್ದೆ. ಅಲ್ಲೊಂದು ಕುದುರೆಗಳ ತಿರುಗಣೆ ಉಂಟು, 1917ರಲ್ಲಿ ಮಾಡಿದ್ದು. ನಮ್ಮ ಜಾತ್ರೆಗಳಲ್ಲಿ ತೊಟ್ಟಿಲಿನ ಪಕ್ಕ ಇರುತ್ತದಲ್ಲ ಕುದುರೆ, ಅದೇ, ಆದರೆ ಬಹಳ ದೊಡ್ಡದು, ಸಾಲು ಸಾಲು ಬಿಳಿ ಕುದುರೆಗಳು. ಮಗಳು ಇಳಿದವಳು ಕುದುರೆಯ ಕುತ್ತಿಗೆ ಸವರುತ್ತಾ, “ಅಪ್ಪಾ, ಇದರಲ್ಲೇ ಇನ್ನೊಂದು ಸಲ” ಅಂದಳು. ನಾನು, “ಇನ್ನೂ ಆರು ಬಾಕಿ ಉಂಟು ಮಗಾ, ಬಾ ಬಾ” ಅಂದೆ. ಆ ಆರರಲ್ಲಿ ನಾಲ್ಕು ಸಿಗಲೇ ಇಲ್ಲ. ಮೂರು ಗಂಟೆಗೆ ಗುಡುಗು ಹತ್ತಿರ ಬಂತು, ಹೊರಗಿನ ರೈಡುಗಳನ್ನೆಲ್ಲ ನಿಲ್ಲಿಸಿದರು. ಮೇ ಕೊನೆಯಿಂದ ಅಲ್ಲಿ ಮಧ್ಯಾಹ್ನದ ಮಳೆ ಶುರು, ಸಿಡಿಲಿನ ಮಳೆ, ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಬರುತ್ತದಲ್ಲ ಹಾಗೆಯೇ. ನಾವು ಒಂದು ಮಾಡಿನ ಕೆಳಗೆ ನಿಂತೆವು. ಅದಕ್ಕೆ ಮೊದಲೇ ಕುದುರೆಯಲ್ಲಿ ಇನ್ನೊಂದು ಸುತ್ತು ಹೋಗಿದ್ದರೆ ಆಗುತ್ತಿತ್ತು ಅಂತ ನನಗೆ ಅಲ್ಲಿ ಹೊಳೆಯಲಿಲ್ಲ. ರಾತ್ರಿ ಕೋಟೆಯ ಮೇಲೆ ಸಿಡಿಮದ್ದು ಬಿಡುವಾಗ ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳು ಅದನ್ನು ನೋಡಿಲ್ಲ. ಮರುದಿನ ನೋಡೋಣ ಎಂದರೆ ಮರುದಿನ ಬೇರೆ ಪಾರ್ಕಿನ ಸರದಿ.

ಇನ್ನು ಎಪ್ಕಾಟ್. ಇದನ್ನು ನಿನಗೆ ವಿವರವಾಗಿಯೇ ಹೇಳಬೇಕು. ಅಲ್ಲಿ ಕೆರೆಯ ಸುತ್ತ 11 ದೇಶಗಳ ಬೀದಿಗಳನ್ನು ಕಟ್ಟಿದ್ದಾರೆ, ಮೆಕ್ಸಿಕೋ, ನಾರ್ವೆ, ಚೀನಾ, ಜಪಾನ್, ಮೊರಾಕ್ಕೊ ಹೀಗೆ. ಒಂದು ಸುತ್ತು ಬಂದರೆ ಎರಡು ಕಿಲೋಮೀಟರು. ಅದು ಚಂದವೇ, ಆದರೆ ನಾನು ಹೇಳಹೊರಟದ್ದು ಅದಲ್ಲ. ‘ಲಿವಿಂಗ್ ವಿದ್ ದ ಲ್ಯಾಂಡ್’ ಅಂತ ಒಂದು ದೋಣಿ ಉಂಟು. ಗಡಿಬಿಡಿ ಇಲ್ಲದ ದೋಣಿ, ಹೆದರಿಕೆ ಇಲ್ಲ, ಬೊಬ್ಬೆ ಇಲ್ಲ, ಸುಮಾರು ಕಾಲು ಗಂಟೆ. ಮೊದಲು ಕತ್ತಲೆಯಲ್ಲಿ ಕಾಡು, ಮರುಭೂಮಿ ಎಲ್ಲ ತೋರಿಸಿ, ಆಮೇಲೆ ನಿಜವಾದ ಗಾಜಿನ ಮನೆಗಳ ಒಳಗೆ ಹೋಗುತ್ತದೆ. ಅಲ್ಲಿ ಮಣ್ಣಿಲ್ಲದೆ ಬೆಳೆ ತೆಗೆಯುತ್ತಾರೆ. ಕೆಲವು ಗಿಡಗಳ ಬೇರು ಗಾಳಿಯಲ್ಲಿ ನೇತಾಡುತ್ತದೆ, ಅದಕ್ಕೆ ನೀರು ಗೊಬ್ಬರ ಸಿಂಪಡಿಸುತ್ತಾರೆ. ಟೊಮೆಟೊವನ್ನು ಮರದ ಹಾಗೆ ಚಪ್ಪರಕ್ಕೆ ಹಬ್ಬಿಸಿದ್ದಾರೆ. ಮೀನಿನ ತೊಟ್ಟಿಗಳೂ ಉಂಟು. ಬೆಳೆದದ್ದರಲ್ಲಿ ಒಂದಷ್ಟು ಅಲ್ಲೇ ಹೋಟೆಲಿಗೆ ಅಡಿಗೆಗೆ ಹೋಗುತ್ತದೆ.

ಅಮ್ಮ ಮೊದಲು ಬಾಳೆ ಕಂಡರು, ಪಪ್ಪಾಯ ಕಂಡರು, ಸುಮ್ಮನಿದ್ದರು. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ನಿಲ್ಲಲಿಕ್ಕೆ ಹೊರಟು, “ಗುಜ್ಜೆ! ಓ ಅಲ್ಲಿ ಗುಜ್ಜೆ!” ಅಂತ ಇಡೀ ದೋಣಿಗೆ ಕೇಳುವ ಹಾಗೆ ಹೇಳಿದರು. ನಿಜವಾಗಿ ಹಲಸು ಮಾರಾಯ. ಸಪೂರ ಕಾಂಡದ ಗಿಡ, ಬುಡದ ಹತ್ತಿರವೇ ಕಾಯಿ. ಮುಂದಿನ ಸಾಲಿನ ಒಬ್ಬ ಅಜ್ಜಿ ತಿರುಗಿ ನಕ್ಕರು. ಅಮ್ಮ ಅವರಿಗೆ ಕೈಯಲ್ಲೇ ಅಳತೆ ತೋರಿಸಿ, ನಮ್ಮಲ್ಲಿ ಇಷ್ಟು ದೊಡ್ಡದು ಅಂದರು, ಕನ್ನಡದಲ್ಲಿಯೇ. ದೋಣಿ ನಿಲ್ಲುವುದಿಲ್ಲ ಅಲ್ಲವಾ, ಅಷ್ಟರಲ್ಲಿ ಹಲಸು ಹಿಂದೆ ಹೋಯಿತು. ಕತ್ತು ತಿರುಗಿಸಿ ಕಾಣುವಷ್ಟು ಹೊತ್ತು ನೋಡಿದರು. ದೋಣಿ ಇಳಿದ ಮೇಲೆ, “ಅದು ಗಟ್ಟಿ ತೊಳೆಯ ಬಕ್ಕೆಯೋ, ಮೆತ್ತಗಿನ ತುಳುವನೋ ನೋಡಬೇಕಿತ್ತು. ಬೇರು ಹೇಗೆ ಬಿಟ್ಟಿದ್ದಾರೆ ಅಂತಲೂ ಸರಿಯಾಗಿ ಕಾಣಲಿಲ್ಲ. ಇನ್ನೊಂದು ಸಲ ಕೂರುವನಾ?” ಅಂದರು. ಐವತ್ತು ವರ್ಷ ತೋಟದಲ್ಲಿ ಕೆಲಸ ಮಾಡಿದ ಹೆಂಗಸು, ತನಗೆ ಗೊತ್ತಿದ್ದ ಒಂದು ಜೀವ ಆ ದೇಶದಲ್ಲಿ ಸಿಕ್ಕಿದಾಗ ಕೇಳಿದ ಮಾತು ಅದು. ಆ ಗಾಜಿನ ಮನೆಗಳ ಒಳಗೆ ನಡೆದುಕೊಂಡೇ ಹೋಗಿ ವಿವರ ಕೇಳುವ ಒಂದು ಗಂಟೆಯ ಪ್ರವಾಸವೂ ಉಂಟು, ಬೇರೆ ದುಡ್ಡು ಕೊಟ್ಟು. ನಾನು ಎರಡಕ್ಕೂ ಬೇಡ ಅಂದೆ. ದುಡ್ಡು ಕೊಟ್ಟು ಸಮಯ ಗೊತ್ತು ಮಾಡಿದ್ದ ಇನ್ನೊಂದು ರೈಡಿಗೆ ಹದಿನೈದು ನಿಮಿಷ ಮಾತ್ರ ಬಾಕಿ ಇತ್ತು. ಆ ರೈಡಿನಲ್ಲಿ ಎಂತ ಕಂಡೆ ಅಂತ ಈಗ ಕೇಳಿದರೆ ನನಗೆ ನೆನಪಿಲ್ಲ.

ಹಾಲಿವುಡ್ ಸ್ಟುಡಿಯೋಸ್ ಬಗ್ಗೆ ಬರೆಯಲಿಕ್ಕೆ ಹೆಚ್ಚಿಲ್ಲ, ನಿನ್ನ ದೊಡ್ಡ ಮಗನಿಗೆ ಬಹಳ ಹಿಡಿಸೀತು. ಅನಿಮಲ್ ಕಿಂಗ್‌ಡಮ್‌ನಲ್ಲಿ ಏಷ್ಯಾದ ಭಾಗಕ್ಕೆ ಆನಂದಪುರ ಅಂತ ಹೆಸರಿಟ್ಟಿದ್ದಾರೆ. ನಮ್ಮ ಸಾಗರದ ಹತ್ತಿರದ ಆನಂದಪುರವೇ ಕಣ್ಣ ಮುಂದೆ ಬಂತು. ಹಳೆಯ ಅರಮನೆಯ ಗೋಡೆಯ ಹಾಗೆ ಕಟ್ಟಿ, ಅದರ ಆಚೆ ಹುಲಿ ಬಿಟ್ಟಿದ್ದಾರೆ. ಹುಲಿ ಮಲಗಿತ್ತು. ಅರ್ಧ ಗಂಟೆ ಕಾದರೆ ಏಳುತ್ತದೆ ಅಂತ ಅಲ್ಲಿನ ಹುಡುಗಿ ಹೇಳಿದಳು. ನಾವು ಕಾಯಲಿಲ್ಲ.

ಗೆಳೆಯಾ, ನಿನಗೆ ನೆನಪುಂಟಲ್ಲ, ಕಟೀಲು ಮೇಳದ ಯಕ್ಷಗಾನ ಬಯಲಾಟಕ್ಕೆ ಗದ್ದೆಯಲ್ಲಿ ಚಾಪೆ ಹಾಕಿ ಕೂತು ಬೆಳಗು ಮಾಡುತ್ತಿದ್ದದ್ದು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಮುಗಿದು ಪ್ರಸಂಗ ಏರುವ ಹೊತ್ತಿಗೆ ನಮಗೆ ತೂಕಡಿಕೆ. ಚೆಂಡೆಯ ಪೆಟ್ಟಿಗೆ ಎಚ್ಚರ. ನಡುರಾತ್ರಿ ಎದ್ದು ಹೋಗಿ ಚರುಮುರಿ ತಿಂದು ಬರುವುದು, ಬಂದಾಗ ಮಹಿಷಾಸುರ ದೊಂದಿಯ ನಡುವೆ ಬರುತ್ತಿರುವುದು. ಬೆಳಗಿನವರೆಗೆ ಹೋಗದೆ ಕೆಲವೇ ಗಂಟೆಯಲ್ಲಿ ಮುಗಿಯುವ ಈಗಿನ ಕಾಲಮಿತಿ ಆಟವನ್ನೂ ನಾನು ಇಷ್ಟಪಟ್ಟೇ ನೋಡುತ್ತೇನೆ, ಕಲಾವಿದರಿಗೂ ಅದರಿಂದ ಅನುಕೂಲ ಉಂಟು. ಆದರೆ ಆ ತೂಕಡಿಕೆ, ಆ ಚರುಮುರಿ ಅದರಲ್ಲಿ ಇಲ್ಲ. ನಾಲ್ಕು ದಿನದ ಟಿಕೆಟ್ಟಿನಲ್ಲಿ ನಾನು ಅಲ್ಲಿ ನೋಡಿದ್ದು ಕಾಲಮಿತಿ ಆಟ. ಕಥೆ ಪೂರ್ತಿ ಆಯಿತು, ರಾತ್ರಿ ಸಿಗಲಿಲ್ಲ.

ಈಗ ಟಿಕೆಟ್ಟಿನ ವಿಷಯ, ಇದನ್ನು ಟ್ರಾವೆಲ್ಸಿನವರ ಎದುರು ಕೂತಾಗ ನೆನಪಿಟ್ಟುಕೋ. ಒಂದು ದಿನದಿಂದ 10 ದಿನದವರೆಗೆ ಟಿಕೆಟ್ ಸಿಗುತ್ತದೆ. ಯಾವ ತಾರೀಕಿಗೆ ಶುರು ಮಾಡುತ್ತೀ ಎನ್ನುವುದರ ಮೇಲೆ ದರ ಹೆಚ್ಚು ಕಡಿಮೆ. ಮೊದಲ ಮೂರು ನಾಲ್ಕು ದಿನಕ್ಕೇ ದೊಡ್ಡ ಮೊತ್ತ ಹೋಗುತ್ತದೆ, ಅದರ ಮೇಲೆ ಸೇರಿಸುವ ಒಂದೊಂದು ದಿನಕ್ಕೆ ಬಹಳ ಕಡಿಮೆ. ನಾಲ್ಕು ದಿನದ ಟಿಕೆಟ್ಟನ್ನು ಸಾಲಾಗಿ ನಾಲ್ಕೇ ದಿನದಲ್ಲಿ ಮುಗಿಸಬೇಕೆಂದೂ ಇಲ್ಲ, 7 ದಿನದೊಳಗೆ ಬಳಸಿದರೆ ಸಾಕು. 7 ದಿನದ್ದಾದರೆ 10 ದಿನದೊಳಗೆ, 10 ದಿನದ್ದಾದರೆ 14 ದಿನದೊಳಗೆ. ಅಂದರೆ ನಡುವೆ ಅಪ್ಪ ಅಮ್ಮನಿಗೆ ವಿಶ್ರಾಂತಿಯ ದಿನ ಇಡಬಹುದು. ನಮಗೆ ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ಯಾಕೇಜಿನಲ್ಲಿ ನಾಲ್ಕು ರಾತ್ರಿಯ ಹೋಟೆಲು, ನಾಲ್ಕು ದಿನದ ಟಿಕೆಟ್ಟು ಅಂತ ಇತ್ತು, ಸಹಿ ಹಾಕಿದೆ. ಬಾಗಿಲಲ್ಲಿ ಬೆರಳು ಒತ್ತಿಸಿಕೊಳ್ಳುತ್ತಾರೆ, ಹಾಗಾಗಿ ಒಬ್ಬರ ದಿನ ಇನ್ನೊಬ್ಬರಿಗೆ ನಡೆಯುವುದಿಲ್ಲ. ಮಕ್ಕಳ ದರ 9 ವರ್ಷದವರೆಗೆ ಮಾತ್ರ, 10 ಆದರೆ ದೊಡ್ಡವರ ಲೆಕ್ಕ, ನಿನ್ನ ಸಣ್ಣವನ ಹುಟ್ಟುಹಬ್ಬ ನೋಡಿಕೋ. ಇನ್ನೂ ಮುಖ್ಯವಾದದ್ದು: ಟಿಕೆಟ್ಟಿನ ಕೊನೆಯ ದಿನ ಮುಗಿಯುವುದರೊಳಗೆ ಅಲ್ಲೇ ಕೌಂಟರಿನಲ್ಲಿ ವ್ಯತ್ಯಾಸದ ದುಡ್ಡು ಕೊಟ್ಟು ದಿನ ಸೇರಿಸಬಹುದು. ಮುಗಿದ ಮೇಲೆ ಹೋದರೆ ಒಂದು ದಿನದ ಹೊಸ ಟಿಕೆಟ್ಟೇ ಆಗಬೇಕು, ಅದೇ ಎಲ್ಲಕ್ಕಿಂತ ದುಬಾರಿ.

ನಮಗೆ ಆದದ್ದು ಹಾಗೆಯೇ. ನಾಲ್ಕು ದಿನ ಮುಗಿಸಿ ಟ್ಯಾಂಪಾದಲ್ಲಿ ಅಕ್ಕನ ಮನೆಗೆ ಹೋದೆವು. ಅಲ್ಲಿಂದ ಆ ಪಾರ್ಕಿಗೆ ಕಾರಿನಲ್ಲಿ ಹೆಚ್ಚು ಅಂದರೆ ಒಂದೂವರೆ ಗಂಟೆ. ಇನ್ನೂ ಆರು ದಿನ ಅಲ್ಲೇ ಇದ್ದೆವು. ಮೂರನೇ ದಿನ ಬೆಳಿಗ್ಗೆ ಅಮ್ಮ ಚಹಾ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತು, “ಇವತ್ತು ಆ ದೋಣಿಗೆ ಹೋಗಬಹುದಿತ್ತು” ಅಂದರು. ಅಷ್ಟೇ ಹೇಳಿದ್ದು, ಒತ್ತಾಯ ಮಾಡಲಿಲ್ಲ. ನಾನು ಒಳಗೆ ಹೋಗಿ ಫೋನಿನಲ್ಲಿ ದರ ನೋಡಿದೆ, ಐದು ಜನಕ್ಕೆ ಗುಣಿಸಿದೆ, ಫೋನು ಕೆಳಗಿಟ್ಟೆ.

ಬ್ರಿಟನ್ನಿನವರಿಗೆ 14 ದಿನದ ಟಿಕೆಟ್ ಮಾರುತ್ತಾರೆ ಅಂತ ಭಾವ ಆ ದಿನ ಹೇಳಿದರು. ದೂರದಿಂದ ಬರುವವರು, ಬಂದರೆ ಎರಡು ವಾರ ಇರುತ್ತಾರೆ ಅಂತ. ಹಾಗಾದರೆ ಬಜಪೆಯಿಂದ ಮುಂಬೈಗೆ, ಮುಂಬೈಯಿಂದ ಅಲ್ಲಿಗೆ, ಎರಡು ದಿನ ಪ್ರಯಾಣ ಮಾಡಿ ಹೋಗುವ ನಮಗೆ ಯಾಕೆ ಬೇಡ? ಅಲ್ಲಿಗೆ ಎರಡನೇ ಸಲ ಹೋಗುವುದು ನಮ್ಮಂಥವರಿಗೆ ಸುಲಭ ಅಲ್ಲ. ಮೊದಲೆಲ್ಲ ಸ್ವಲ್ಪ ಹೆಚ್ಚು ಕೊಟ್ಟರೆ ಅವಧಿ ಮುಗಿಯದ ಟಿಕೆಟ್ಟೂ ಸಿಗುತ್ತಿತ್ತಂತೆ, ಉಳಿದ ದಿನ ಎಷ್ಟು ವರ್ಷ ಬಿಟ್ಟು ಹೋದರೂ ನಡೆಯುತ್ತಿತ್ತು. 2015ರಲ್ಲಿ ಅದನ್ನು ನಿಲ್ಲಿಸಿದರು. ಅದು ಮತ್ತೆ ಬರಬೇಕು ಅಂತ ನನಗೆ ಮನಸಾರೆ ಆಸೆ. ಅಂಥ ಟಿಕೆಟ್ಟು ಇದ್ದರೆ ಅಮ್ಮ ಕಪಾಟಿನಲ್ಲಿ ಬಂಗಾರದ ಚೀಟಿಗಳ ಜೊತೆ ಮಡಚಿ ಇಡುತ್ತಿದ್ದರು. ಮಗಳು ದೊಡ್ಡವಳಾಗಿ ಅಲ್ಲಿಗೆ ಹೋದಾಗ ಆ ಕುದುರೆಯ ಇನ್ನೊಂದು ಸುತ್ತು ಬಾಕಿ ಇರುತ್ತಿತ್ತು.

ನಮ್ಮ ಮಂಗಳೂರಿನ ಪಿಲಿಕುಳದಲ್ಲೇ ನೋಡು, ಮೃಗಾಲಯ, ತಾರಾಲಯ, ಗುತ್ತಿನ ಮನೆ, ಕೆರೆ ಎಲ್ಲ ಒಂದೇ ದಿನದಲ್ಲಿ ಮುಗಿಸಲಿಕ್ಕೆ ಹೋಗಿ ಮಕ್ಕಳನ್ನು ಎಳೆದುಕೊಂಡು ಓಡುತ್ತೇವೆ. ಅಲ್ಲಿಗೂ ಒಂದು ವಾರದ ಟಿಕೆಟ್ಟು ಇರಬೇಕಿತ್ತು ಅಂತ ಈಗ ಅನಿಸುತ್ತದೆ.

ನೀನು ಏಳು ದಿನದ್ದು ತೆಗೆ. ಹೋಟೆಲು ಸಣ್ಣದಾದರೂ ಪರವಾಗಿಲ್ಲ, ಹೊರಗೆ ಮೂರು ಊಟ ಕಡಿಮೆಯಾದರೂ ಪರವಾಗಿಲ್ಲ, ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗು. ಮೊದಲ ದಿನ ಅರ್ಧ ಮಾತ್ರ ಹೋಗಿ ವಾಪಸು ಬಂದು ಮಲಗಿ. ಅತ್ತಿಗೆಗೆ ಹೇಳು, ಮಕ್ಕಳು “ಇನ್ನೊಂದು ಸಲ” ಅಂದರೆ ಇನ್ನೊಂದು ಸಲ ಕೂರಿಸಲಿ. ನಿನ್ನ ಅಪ್ಪನಿಗೆ ಹುಲಿ ಏಳುವವರೆಗೆ ಕೂರಲು ಬಿಡು, ಅವರಿಗೆ ಅಂಥದ್ದು ಇಷ್ಟ.

ಬರೆಯುತ್ತಿರುವಾಗಲೇ ಅಮ್ಮ ಒಳಗಿನಿಂದ, ಯಾರಿಗೆ ಇಷ್ಟು ಹೊತ್ತು ಬರೆಯುವುದು ಅಂತ ಕೇಳಿದರು. ನಿನ್ನ ಹೆಸರು ಹೇಳಿ, ಫ್ಲಾರಿಡಾಕ್ಕೆ ಹೋಗುತ್ತಾನಂತೆ ಅಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಚಾವಡಿಗೆ ಬಂದು, “ಆ ದೋಣಿಯಲ್ಲಿ ಬಲಬದಿಗೆ ಕೂರಲಿಕ್ಕೆ ಹೇಳು. ನಾವು ಎಡಬದಿಗೆ ಕೂತದ್ದು, ಅದಕ್ಕೇ ಬೇರು ಕಾಣಲಿಲ್ಲ. ಮತ್ತೆ ಬಕ್ಕೆಯೋ ತುಳುವನೋ ಅಂತ ಕೇಳಿಕೊಂಡು ಬರಲಿ” ಅಂದರು. ಮರೆಯಬೇಡ.

ನಿನ್ನ,
ಉಡುಪಿಯ ಗೆಳೆಯ